ಫುಕುವೊಕಾದಿಂದ ಮಿನಮಾಟಾಕ್ಕೆ, ಬೋರ್ಡು ಓದುತ್ತಾ

ಜಪಾನ್‌ಗೆ ಹೋದವರು ಕ್ಯೋಟೋ ನೋಡುತ್ತಾರೆ, ಫ್ಯೂಜಿ ಬೆಟ್ಟದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಹೋಗಿದ್ದು ದಕ್ಷಿಣದ ಕ್ಯೂಶೂ ದ್ವೀಪಕ್ಕೆ. ಚಿಕ್ಕಮ್ಮನ ಮಗ ಫುಕುವೊಕಾದಲ್ಲಿ ಸಿವಿಲ್ ಎಂಜಿನಿಯರ್. ನನಗೆ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಲೇತು, ಡ್ರಿಲ್ಲು, ಎರಡು ಪವರ್ ಪ್ರೆಸ್ಸು. ಎಲ್ಲಿ ಹೋದರೂ ಕೆಲಸ ನಡೆಯುವ ಜಾಗದ ಮುಂದೆ ನಿಂತುಬಿಡುವ ಚಟ ನನ್ನದು.

ಫುಕುವೊಕಾ ನಿಲ್ಲುವುದಕ್ಕೆ ಒಳ್ಳೆಯ ಊರು. ತೆಂಜಿನ್ ಎನ್ನುವ ಪೇಟೆ ಬೀದಿಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟುವ ಕೆಲಸ 2015ರಿಂದ ನಡೆದೇ ಇದೆ. ಸೈಟಿನ ಸುತ್ತ ಬಿಳಿ ತಗಡಿನ ಬೇಲಿ. ಅದರ ಮೇಲೆ ಕೆಂಪು ಅಂಕಿಗಳ ಒಂದು ಡಬ್ಬ: ಈ ಕ್ಷಣದಲ್ಲಿ ಸದ್ದು ಎಷ್ಟು ಡೆಸಿಬೆಲ್, ನೆಲ ಅದುರುವುದು ಎಷ್ಟು ಅಂತ ಬೀದಿಯವರಿಗೇ ತೋರಿಸುತ್ತದೆ. ನಾವು ನೋಡುವಾಗ ಸದ್ದು 68, 71, 66 ಅಂತ ಕುಣಿಯುತ್ತಿತ್ತು. 1968ರ ಶಬ್ದ ನಿಯಂತ್ರಣ ಕಾನೂನಿನ ಪ್ರಕಾರ ಕಂಬ ಹೊಡೆಯುವುದು, ಕಲ್ಲು ಒಡೆಯುವುದು ಮುಂತಾದ ಜೋರು ಕೆಲಸಕ್ಕೆ ಸೈಟಿನ ಗಡಿಯಲ್ಲಿ 85 ಡೆಸಿಬೆಲ್ ಮಿತಿ. ಬೇಲಿ ಪಕ್ಕದ ಅಂಗಡಿಯವನು ಕುರ್ಚಿಯಿಂದ ಏಳದೆ ಲೆಕ್ಕ ಹಿಡಿಯಬಹುದು.

ಡಬ್ಬದ ಕೆಳಗೆ ಬೋರ್ಡುಗಳ ಸಾಲು. ನನಗೆ ಜಪಾನಿ ಓದಲು ಬರುವುದಿಲ್ಲ. ತಮ್ಮ ಒಂದೊಂದಾಗಿ ಓದಿ ಹೇಳಿದ. ಇದು ಕಂಟ್ರಾಕ್ಟರನ ಪರವಾನಗಿ. ಇದು ಕಾರ್ಮಿಕರ ಅಪಘಾತ ವಿಮೆಯ ಚೀಟಿ. ಇದು ಕಟ್ಟಡದ ನಕ್ಷೆ ಮಂಜೂರಾದ ನಂಬರು. ಕೊನೆಯ ಬೋರ್ಡಿನಲ್ಲಿ ಬರೀ ಹೆಸರುಗಳು. ಸಾರುವೆ ಕಟ್ಟುವ ಕೆಲಸಕ್ಕೆ ಇಂಥವರು ಮುಖ್ಯಸ್ಥರು, ಅವರ ಕೆಲಸ ಇಂತಿಂಥದ್ದು. ಐದು ಮೀಟರ್ ಅಥವಾ ಅದಕ್ಕಿಂತ ಎತ್ತರದ ಸಾರುವೆ ಕಟ್ಟಲು, ಬಿಚ್ಚಲು ತರಬೇತಿ ಪಡೆದ ಮುಖ್ಯಸ್ಥ ಇರಲೇಬೇಕು. ಅವನ ಹೆಸರು ಎಲ್ಲರಿಗೂ ಕಾಣುವಂತೆ ಹಾಕಬೇಕು. ಇದು ಕಂಪನಿಯ ದೊಡ್ಡತನ ಅಲ್ಲ, ಕಾನೂನು. 2023ರ ಅಕ್ಟೋಬರ್‌ನಿಂದ ಇನ್ನೊಂದು ಸೇರಿದೆ: ಸಾರುವೆ ತಪಾಸಣೆಗೆ ಇಂಥವನೇ ಅಂತ ಮೊದಲೇ ಗೊತ್ತುಮಾಡಬೇಕು. ‘ಯಾರೋ ನೋಡಿದ್ರು’ ಅನ್ನುವ ಮಾತು ನಡೆಯುವುದಿಲ್ಲ.

"ಅಣ್ಣ, ಬೋರ್ಡ್ ಓದೋಕೆ ಯಾರಾದ್ರೂ ಜಪಾನ್‌ಗೆ ಬರ್ತಾರಾ?" ಅಂತ ತಮ್ಮ ನಕ್ಕ. ಆದರೆ ಮಾರನೆಯ ಬೆಳಿಗ್ಗೆ ಎಂಟಕ್ಕೆ ಮುಂಚೆ ಅವನೇ ಎಬ್ಬಿಸಿಕೊಂಡು ಹೋದ.

ಒಳಗೆ ಬಿಡುವುದಿಲ್ಲ. ಸೈಟಿಗೆ ಹೊಸದಾಗಿ ಕಾಲಿಡುವವರಿಗೆ ಮೊದಲು ಪಾಠ ಆಗಬೇಕು. ಗೇಟಿನ ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದೆವು. ಸ್ಪೀಕರಿನಲ್ಲಿ ಪಿಯಾನೋ ಶುರುವಾಯಿತು. ಎಲ್ಲರೂ ಕೈಕಾಲು ಆಡಿಸತೊಡಗಿದರು. 1928ರಲ್ಲಿ ರೇಡಿಯೋದಲ್ಲಿ ಆರಂಭವಾದ ಕಸರತ್ತು ಇದು. ಆಮೇಲೆ ಗುಂಪು ಗುಂಪಾಗಿ ಒಂದು ಬಿಳಿ ಹಲಗೆಯ ಮುಂದೆ ನಿಂತರು. ಇವತ್ತಿನ ಕೆಲಸದಲ್ಲಿ ಏನು ಬೀಳಬಹುದು, ಯಾರ ಕೈ ಸಿಕ್ಕಿಕೊಳ್ಳಬಹುದು ಅಂತ ಅವರೇ ಹೇಳಿ ಬರೆಯಬೇಕು. ಇದಕ್ಕೆ ‘ಕೆ ವೈ’ ಅನ್ನುತ್ತಾರೆ, ಕಿಕೆನ್ ಯೋಚಿ, ಅಪಾಯವನ್ನು ಮೊದಲೇ ಊಹಿಸುವುದು. 1974ರಲ್ಲಿ ಸುಮಿತೊಮೊ ಉಕ್ಕಿನ ಕಾರ್ಖಾನೆಯಲ್ಲಿ ಹುಟ್ಟಿ ದೇಶಕ್ಕೆಲ್ಲ ಹಬ್ಬಿದ ಪದ್ಧತಿ. ಕೊನೆಗೆ ಎಲ್ಲರೂ ಬೆರಳು ಚಾಚಿ ಒಟ್ಟಿಗೆ ಕೂಗಿದರು: "ಜೀರೊ ಸಾಯ್ ದೆ ಇಕೋ, ಯೋಶಿ!" ಒಂದೂ ಅಪಘಾತವಿಲ್ಲದೆ ಹೋಗೋಣ, ಸರಿ!

ಹತ್ತಿರ ಹಾದುಹೋದ ಒಬ್ಬನ ಹೆಲ್ಮೆಟ್ ಮೇಲೆ ಹೆಸರಿನ ಪಕ್ಕ ‘ಒ’ ಗುಂಪಿನ ರಕ್ತ ಅಂತ ಚೀಟಿ ಇತ್ತು. ಅವನ ಜಾಕೆಟ್ ಬಲೂನಿನಂತೆ ಉಬ್ಬಿತ್ತು. ಸೊಂಟದ ಹಿಂದೆ ಎರಡು ಪುಟ್ಟ ಫ್ಯಾನು ತಿರುಗುತ್ತಿದ್ದವು. ಜುಲೈ ಮೊದಲ ವಾರದ ಬಿಸಿಲು ಹಾಗಿತ್ತು. ಬಿಸಿಲಿಗೂ ಈಗ ಕಾನೂನಿದೆ. 2025ರ ಜೂನ್ 1ರಿಂದ, ತಾಪ 31 ಡಿಗ್ರಿ ಮುಟ್ಟಿದರೆ, ಅಥವಾ ತೇವವನ್ನೂ ಸೇರಿಸಿ ಅಳೆಯುವ ಸೂಚ್ಯಂಕ 28 ಮುಟ್ಟಿದರೆ, ಅಂಥ ಜಾಗದಲ್ಲಿ ಒಂದೇ ಸಮನೆ ಒಂದು ಗಂಟೆ ಅಥವಾ ದಿನಕ್ಕೆ ನಾಲ್ಕು ಗಂಟೆ ಮೀರಿ ದುಡಿಸುವ ಮಾಲೀಕ ಮೊದಲೇ ಹೇಳಿರಬೇಕು: ಸುಸ್ತಾದರೆ ಯಾರಿಗೆ ತಿಳಿಸಬೇಕು, ಹೇಗೆ ತಣ್ಣಗಾಗಿಸಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಐದು ಲಕ್ಷ ಯೆನ್‌ವರೆಗೆ ದಂಡ. ವರ್ಷಕ್ಕೆ 30ರ ಆಸುಪಾಸು ಕೆಲಸಗಾರರು ಬಿಸಿಲಿಗೆ ಸಾಯುತ್ತಿದ್ದದ್ದೇ ಇದಕ್ಕೆ ಕಾರಣ.

ಆ ವಾರವೇ ರಾಷ್ಟ್ರೀಯ ಸುರಕ್ಷತಾ ಸಪ್ತಾಹ, 98ನೆಯದು. ಎಲ್ಲೆಲ್ಲೂ ಹಸಿರು ಶಿಲುಬೆಯ ಬಾವುಟ. ಅದೇ ಊರಿನಲ್ಲಿ ಯಾಮಕಾಸಾ ಜಾತ್ರೆಯ ದೊಡ್ಡ ದೊಡ್ಡ ತೇರುಗಳೂ ನಿಂತಿದ್ದವು. ಅವುಗಳ ಫೋಟೋ ಬೇಕಾದಷ್ಟು ಸಿಗುತ್ತವೆ, ನಾನು ಮುಂದೆ ಹೋಗುತ್ತೇನೆ.

ಕಿಟಾಕ್ಯೂಶೂಗೆ ಲೋಕಲ್ ರೈಲಿನಲ್ಲಿ ಹೋದೆವು, ಡ್ರೈವರನ ಬೆನ್ನ ಹಿಂದಿನ ಗಾಜಿಗೆ ಮೂಗು ಅಂಟಿಸಿಕೊಂಡು. ಬಿಳಿ ಕೈಗವಸು. ಸಿಗ್ನಲ್ ಬಂದಾಗ ತೋರುಬೆರಳು ಮುಂದೆ, ಬಾಯಲ್ಲಿ ಮಾತು. ಕ್ಯಾಬಿನ್ನಿನಲ್ಲಿ ಅವನೊಬ್ಬನೇ, ಆದರೂ ಕೂಗುತ್ತಾನೆ. ಮೊದಮೊದಲು ನಗು ಬರುತ್ತದೆ. ಆದರೆ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಪರೀಕ್ಷಿಸಿ ನೋಡಿದೆ. ಸುಮ್ನೆ ನೋಡಿ ಕೆಲಸ ಮಾಡಿದಾಗ ನೂರಕ್ಕೆ 2.38 ತಪ್ಪು, ತೋರಿಸಿ, ಕೂಗಿ ಮಾಡಿದಾಗ 0.38.

ಸ್ಪೇಸ್ ವರ್ಲ್ಡ್ ಸ್ಟೇಷನ್ ಹತ್ತಿರವೇ ಯಾವಾಟಾ ಉಕ್ಕಿನ ಕಾರ್ಖಾನೆಯ ಹಳೆಯ ಕುಲುಮೆ ನಿಂತಿದೆ. ನೆತ್ತಿಯ ಮೇಲೆ ‘1901’ ಅಂತ ದಪ್ಪ ಅಂಕಿ. ಇಲ್ಲಿನ ಕಾರ್ಖಾನೆಗಳ ಹೊಗೆಯನ್ನು ಒಂದು ಕಾಲದಲ್ಲಿ ‘ಏಳು ಬಣ್ಣದ ಹೊಗೆ’ ಅಂತ ಹೊಗಳುತ್ತಿದ್ದರಂತೆ. ಪಕ್ಕದ ದೊಕಾಯ್ ಕೊಲ್ಲಿಯಲ್ಲಿ 1966ರಲ್ಲಿ ಅಳೆದಾಗ ನೀರಿನಲ್ಲಿ ಆಮ್ಲಜನಕವೇ ಇರಲಿಲ್ಲ. ಮೊದಲು ದನಿ ಎತ್ತಿದವರು ಇಲ್ಲಿನ ತೊಬಾಟಾ ಬಡಾವಣೆಯ ಹೆಂಗಸರು. ಬಟ್ಟೆ ಒಣಹಾಕಿದರೆ ಮಸಿ ಕೂರುತ್ತದೆ ಅನ್ನುವ ಸಿಟ್ಟಿನಿಂದ ಶುರುವಾಯಿತು. ಅವರು ಬರೀ ಕೂಗಾಡಲಿಲ್ಲ. ಬಟ್ಟೆ ನೇತುಹಾಕಿ ಮಸಿ ಎಷ್ಟು ಬೀಳುತ್ತದೆ ಅಂತ ಲೆಕ್ಕ ಇಟ್ಟರು, ಪ್ರೊಫೆಸರುಗಳನ್ನು ಕರೆಸಿ ಪಾಠ ಹೇಳಿಸಿಕೊಂಡರು, 1965ರಲ್ಲಿ ‘ನಮಗೆ ನೀಲಿ ಆಕಾಶ ಬೇಕು’ ಅಂತ ಸಿನಿಮಾ ಕೂಡ ತೆಗೆದರು. ಗಂಡಂದಿರು ಅದೇ ಕಾರ್ಖಾನೆಗಳ ನೌಕರರು ಅನ್ನುವುದನ್ನು ಮರೆಯಬಾರದು. ಕುಲುಮೆಯ ಹತ್ತಿರದ ಪರಿಸರ ಮ್ಯೂಸಿಯಂನಲ್ಲಿ ಈ ಕಥೆಯೆಲ್ಲ ಇದೆ. 1970ರಲ್ಲಿ ಪಾರ್ಲಿಮೆಂಟು ಒಂದೇ ಅಧಿವೇಶನದಲ್ಲಿ ಮಾಲಿನ್ಯದ 14 ಕಾನೂನು ಪಾಸು ಮಾಡಿತು. ಮರುವರ್ಷ ಬಂದ ಕಾನೂನು, ಪ್ರತಿ ದೊಡ್ಡ ಕಾರ್ಖಾನೆಯಲ್ಲೂ ರಾಷ್ಟ್ರೀಯ ಅರ್ಹತೆ ಪಡೆದ ಮಾಲಿನ್ಯ ನಿಯಂತ್ರಣಾಧಿಕಾರಿ ಇರಬೇಕು ಅಂದಿತು. ಮತ್ತೆ ಅದೇ: ಒಬ್ಬ ಮನುಷ್ಯ, ಒಂದು ಹೆಸರು.

ಅಲ್ಲಿಂದ ದಕ್ಷಿಣಕ್ಕೆ ಓಮುಟಾ. ಮಿಯಿಕೆ ಕಲ್ಲಿದ್ದಲು ಗಣಿಯ ಊರು. 1997ರಲ್ಲಿ ಗಣಿ ಮುಚ್ಚಿತು. ಮಿಯಾನೊಹಾರಾ ಬಾವಿಯ ಕಬ್ಬಿಣದ ಗೋಪುರ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಬಸ್ಸುಗಳು ಅಲ್ಲಿಗೆ ಬರುತ್ತವೆ. ನಮಗೆ ಬೇಕಾಗಿದ್ದು ಮಿಕಾವಾ ಬಾವಿ. ತುಕ್ಕು ಹಿಡಿದ ಶೆಡ್ಡುಗಳು, ಹುಲ್ಲು, ಒಂದು ಸ್ಮಾರಕ. 1963ರ ನವೆಂಬರ್ 9ರ ಶನಿವಾರ ಮಧ್ಯಾಹ್ನ ಇಲ್ಲಿ ಇಳಿಜಾರು ಸುರಂಗದಲ್ಲಿ ಕಲ್ಲಿದ್ದಲು ಬಂಡಿಗಳ ಕೊಂಡಿ ಕಡಿಯಿತು. ಬಂಡಿಗಳು ಕೆಳಕ್ಕೆ ನುಗ್ಗಿದವು. ಧೂಳು ಎದ್ದು ಹೊತ್ತಿಕೊಂಡಿತು. 458 ಜನ ಸತ್ತರು. ಅವರಲ್ಲಿ 438 ಜನರನ್ನು ಕೊಂದದ್ದು ಬೆಂಕಿಯಲ್ಲ, ಕಾರ್ಬನ್ ಮೊನಾಕ್ಸೈಡ್. ಬದುಕಿದವರಲ್ಲೂ 839 ಜನರಿಗೆ ಅದರ ವಿಷ ತಗುಲಿತು.

ಗಣಿ ಸುರಕ್ಷತೆಗೆ ಕಾನೂನು 1949ರಲ್ಲೇ ಬಂದಿತ್ತು. ಆದರೆ ಈ ದುರಂತಕ್ಕೆ ಮೂರು ವರ್ಷ ಮೊದಲು, 1960ರಲ್ಲಿ, ಕೆಲಸದಿಂದ ತೆಗೆದುಹಾಕುವುದರ ವಿರುದ್ಧ ಇಲ್ಲಿ ದೊಡ್ಡ ಮುಷ್ಕರ ನಡೆದು ಸೋತಿತ್ತು. ಆಮೇಲೆ ಜನ ಕಡಿಮೆ, ಉತ್ಪಾದನೆ ಜಾಸ್ತಿ. ಧೂಳು ಗುಡಿಸುವ ಕೆಲಸದಿಂದ ಕಲ್ಲಿದ್ದಲು ಬರುವುದಿಲ್ಲ, ಅಲ್ವಾ? ಇಂಥ ಲೆಕ್ಕಾಚಾರ ನನಗೂ ಗೊತ್ತು, ಪೀಣ್ಯದ ಎಲ್ಲರಿಗೂ ಗೊತ್ತು. 1961ರಲ್ಲಿ ಜಪಾನಿನಲ್ಲಿ ಕೆಲಸದ ಅಪಘಾತಗಳಿಗೆ 6,712 ಜನ ಬಲಿಯಾಗಿದ್ದರು. 1972ರಲ್ಲಿ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಕಾನೂನು ಬಂತು. ತೆಂಜಿನ್ ಬೇಲಿಯ ಆ ಹೆಸರುಗಳ ಬೋರ್ಡು ಇದರ ಕೂಸು. 2024ರಲ್ಲಿ ಸತ್ತವರು 746.

ಕೊನೆಗೆ ಮಿನಮಾಟಾ. ಬುಲೆಟ್ ರೈಲು ಶಿನ್-ಮಿನಮಾಟಾದಲ್ಲಿ ನಿಲ್ಲುತ್ತದೆ. ಸಮುದ್ರದ ದಂಡೆಯಲ್ಲಿ ಕೊಲ್ಲಿಯನ್ನು ತುಂಬಿಸಿ ಮಾಡಿದ 58 ಹೆಕ್ಟೇರು ನೆಲ, ಅದರ ಮೇಲೆ ಪಾರ್ಕು, ಹುಡುಗರು ಆಟ ಆಡುತ್ತಿದ್ದರು. ನೆಲದಡಿ ಇರುವುದು ಪಾದರಸ ಬೆರೆತ ಕೆಸರು. ಚಿಸ್ಸೊ ಎನ್ನುವ ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟದ್ದು. ಅದು ಮೀನಿಗೆ ಸೇರಿ, ಮೀನಿನಿಂದ ಜನರ ನರಗಳಿಗೆ ಸೇರಿತು. ಈ ‘ಮಿನಮಾಟಾ ರೋಗ’ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕಾರ್ಖಾನೆಯ ಆಸ್ಪತ್ರೆಯ ವೈದ್ಯರು 1959ರಲ್ಲಿ ಕಾರ್ಖಾನೆಯ ಹೊಲಸು ನೀರನ್ನು ಬೆಕ್ಕಿಗೆ ತಿನ್ನಿಸಿ ನೋಡಿದ್ದರು. ಬೆಕ್ಕಿಗೆ ಅದೇ ರೋಗ ಬಂತು. ಅದನ್ನು ಮುಚ್ಚಿಟ್ಟರು. ಆ ವಿಷ ಬರುತ್ತಿದ್ದ ಉತ್ಪಾದನೆ ನಿಂತದ್ದು 1968ರಲ್ಲಿ.

ಗುಡ್ಡದ ಮೇಲಿನ ಮ್ಯೂಸಿಯಂ ನೋಡಿ ಬಂದಾಗ ನನ್ನನ್ನು ಕಾಡಿದ್ದು ಇನ್ನೊಂದು ವರ್ಷ: 1958. ಕಾರ್ಖಾನೆ ನೀರನ್ನು ತಡೆಯುವ ಎರಡು ಕಾನೂನು ಆ ವರ್ಷವೇ ಪಾಸಾಗಿದ್ದವು. ವಿಷ ಹರಿಯುತ್ತಿದ್ದಷ್ಟು ಕಾಲ ಮಿನಮಾಟಾ ಕೊಲ್ಲಿಗೆ ಯಾರೂ ಅವನ್ನು ಅನ್ವಯಿಸಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ಅಧಿಕಾರ ಇದ್ದೂ ಬಳಸದಿದ್ದದ್ದು ಸರ್ಕಾರದ ತಪ್ಪು, 1959ರ ಕೊನೆಯಿಂದಾಚೆಗಿನ ಹಾನಿಗೆ ಸರ್ಕಾರವೂ ಹೊಣೆ ಅಂತ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ ಎಷ್ಟೋ ರೋಗಿಗಳು ಸತ್ತುಹೋಗಿದ್ದರು.

ಊಟದ ಹೊತ್ತಾಯಿತು. ಮಿನಮಾಟಾದಲ್ಲಿ ಪುಟಾಣಿ ಬಿಳಿ ಮೀನನ್ನು ಬಿಸಿ ಅನ್ನದ ಮೇಲೆ ಹರಡಿ ಕೊಡುತ್ತಾರೆ, ಶಿರಾಸು ಅಂತ. ತಮ್ಮ ನನ್ನ ಮುಖ ನೋಡಿದ: "ತಿನ್ನೋಣ್ವಾ ಅಣ್ಣ?" ಕೊಲ್ಲಿಯ ಮೀನು ಸುರಕ್ಷಿತ ಅಂತ 1997ರಲ್ಲೇ ಘೋಷಣೆಯಾಗಿದೆ, ಮೀನು ಆಚೆ ಹೋಗದಂತೆ ಕಟ್ಟಿದ್ದ ಬಲೆಯನ್ನೂ ಆಗಲೇ ತೆಗೆದಿದ್ದಾರೆ. ತಿಂದೆವು. ಉಪ್ಪು ಸ್ವಲ್ಪ ಜಾಸ್ತಿ ಅನ್ನಿಸಿತು, ಆದರೂ ಇನ್ನೊಂದು ಬಟ್ಟಲು ಹೇಳಿದೆವು.