ಸಹಿ ಒಂದೇ, ಚಿತ್ರ ನಾಲ್ಕು ಥರ

2012ರಲ್ಲಿ ಕುಡಿಯುವ ನೀರಿನ ಕೆಲಸವೊಂದರ ಮೇಲೆ ನಾನು ಹೈಟಿಯಲ್ಲಿದ್ದೆ. ಭೂಕಂಪವಾಗಿ ಎರಡು ವರ್ಷ ಕಳೆದಿದ್ದರೂ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನಲ್ಲಿ ಜನ ಇನ್ನೂ ಟೆಂಟುಗಳಲ್ಲಿದ್ದರು. ಒಂದು ಭಾನುವಾರ ನಮ್ಮ ಡ್ರೈವರ್ ನನ್ನನ್ನು ಗುಡ್ಡದ ಮೇಲಿನ ಪೆಟಿಯೋನ್‌ವಿಲ್‌ಗೆ ಕರೆದುಕೊಂಡು ಹೋದ. ಅಲ್ಲಿ ಸೇಂಟ್ ಪಿಯರ್ ಚೌಕದ ಹತ್ತಿರ ರಸ್ತೆ ಬದಿ ಗೋಡೆಗಳಿಗೆ ಚಿತ್ರ ನೇತುಹಾಕಿ ಮಾರುತ್ತಿದ್ದರು.

ಹೆಚ್ಚಿನವು ಒಂದೇ ಬಗೆ. ಸಂತೆ, ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಬಾಳೆಗಿಡ, ಉರಿಯುವ ಹಳದಿ ಕೆಂಪು. ಚೆನ್ನಾಗಿಯೇ ಇರುತ್ತವೆ. ಆದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಸಾಕಪ್ಪ ಅನ್ನಿಸುತ್ತದೆ.

ಮೂಲೆಯಲ್ಲಿ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಅವನ ಹತ್ತಿರವೂ ಒಂದು ಸಂತೆಯ ಚಿತ್ರವಿತ್ತು. ಅದರ ಪಕ್ಕದಲ್ಲಿ ಬಳ್ಳಿಯ ಹಾಗೆ ಒಂದರೊಳಗೊಂದು ಸುತ್ತಿಕೊಂಡ ಮುಖಗಳು, ಹಿಂದೆ ಮನೆಯಿಲ್ಲ, ಮರವಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತ ಹೆಂಗಸೊಬ್ಬಳ ಭಾವಚಿತ್ರ, ಕೈಯ ನರ ಕೂಡ ಎದ್ದು ಕಾಣುವಷ್ಟು ನಿಜ. ಕೊನೆಯದು ಬರೀ ಬೂದು ಮತ್ತು ಬಿಳಿ. ಕುಸಿದ ಗೋಡೆ ಅನ್ನಬಹುದು, ಧೂಳು ಅನ್ನಬಹುದು. ನಾಲ್ಕರ ಕೆಳಗೂ ಒಂದೇ ಸಹಿ.

‘ಇದರಲ್ಲಿ ನಿನ್ನ ಶೈಲಿ ಯಾವುದು?’ ಅಂತ ಡ್ರೈವರ್ ಮೂಲಕ ಕೇಳಿದೆ.

‘ಎಲ್ಲಾ ನಾನೇ ಬರೆದದ್ದು’ ಅಂದ. ಪ್ರಶ್ನೆ ಅವನಿಗೆ ಹಿಡಿಸಲಿಲ್ಲ ಅಂತ ಮುಖದಲ್ಲೇ ಗೊತ್ತಾಯಿತು. ಆಮೇಲೆ ತಾನಾಗಿಯೇ ಹೇಳತೊಡಗಿದ. ಚಿಕ್ಕಪ್ಪ ಸಂತೆಯ ಚಿತ್ರ ಬರೆಯುತ್ತಿದ್ದರು. ಅವರು ಗೆರೆ ಹಾಕಿಕೊಟ್ಟರೆ ಇವನು ಎಲೆಗಳಿಗೆ ಬಣ್ಣ ತುಂಬಬೇಕು. ಹಾಗೆ ಕೈ ಪಳಗಿತು. ನೆರಳು ಬೆಳಕಿನ ಪಾಠ ಕಲಾಶಾಲೆಯಲ್ಲಿ ಆಯಿತು. ಸುತ್ತಿಕೊಂಡ ಮುಖಗಳು ಸ್ಯಾಂ ಸೊಲೇಯಿಂದ ಬಂದವು. 1973ರ ಸುಮಾರಿಗೆ ತೀಗಾ ಮತ್ತು ಮೋದ್ ರೋಬಾರ್ ಎಂಬ ಇಬ್ಬರು ಕಲಾವಿದರು ಗುಡ್ಡಗಾಡಿನ ರೈತರ ಕೈಗೆ ಬಣ್ಣ, ಬ್ರಷ್ ಕೊಟ್ಟು ‘ನಿಮಗೆ ತೋಚಿದ್ದು ಬರೆಯಿರಿ’ ಅಂದಾಗ ಹುಟ್ಟಿದ ಗುಂಪು ಅದು.

‘ಬೂದು ಬಣ್ಣದ್ದು?’

‘ಅದನ್ನ ಯಾರೂ ಕಲಿಸಲಿಲ್ಲ.’

ಈ ಶೈಲಿಯ ಜಗಳ ಆ ದೇಶಕ್ಕೆ ಹೊಸದಲ್ಲ. 1944ರಲ್ಲಿ ಡೆವಿಟ್ ಪೀಟರ್ಸ್ ಎಂಬ ಅಮೆರಿಕನ್ ರಾಜಧಾನಿಯಲ್ಲಿ ಸಾಂತ್ರ್ ದಾರ್ ಎಂಬ ಕಲಾಕೇಂದ್ರ ಶುರು ಮಾಡಿದರು. ಅಲ್ಲಿಗೆ ಬಂದ ಚಿತ್ರಕಾರ ಎಕ್ತೋರ್ ಇಪೋಲಿತ್, ಹೈಟಿಯ ಜನರ ಧರ್ಮವಾದ ವೋಡೂವಿನ ಪೂಜಾರಿ. ಅವರ ಚಿತ್ರಗಳನ್ನು ಫ್ರಾನ್ಸಿನ ಕವಿ ಆಂದ್ರೆ ಬ್ರೆತೋಂ ಕೊಂಡುಕೊಂಡ ಮೇಲೆ ಹೊರಗಿನವರಿಗೆ ಹೈಟಿ ಅಂದರೆ ಶಾಲೆಯಲ್ಲಿ ಕಲಿಯದ ಮುಗ್ಧ ಕೈಯ ಚಿತ್ರ ಅಂತಾಯಿತು. ಇದೇ ಒಂದು ಬಗೆಗೆ ಜಾಸ್ತಿ ಮನ್ನಣೆ ಸಿಗುತ್ತಿದೆ ಎಂದು ಬೇಸತ್ತ ಕೆಲವರು 1950ರಲ್ಲಿ ಕೇಂದ್ರ ಬಿಟ್ಟು ಬೇರೆ ಸಂಘ ಕಟ್ಟಿಕೊಂಡರು. ನಾನಂತೂ ಬಿಟ್ಟು ಹೋದವರ ಪಕ್ಷ. ಪ್ಯಾರಿಸ್ಸಿನವನು ಹತ್ತು ಥರ ಬರೆದರೆ ಪ್ರಯೋಗ, ಹೈಟಿಯವನು ಬರೆದರೆ ದಾರಿ ತಪ್ಪಿದ ಅನ್ನುವುದು ಯಾವ ನ್ಯಾಯ?

ಚೌಕಾಸಿ ಶುರುವಾಯಿತು. ಅಲ್ಲಿ ಬೆಲೆ ಹೇಳುವುದು ‘ಹೈಟಿ ಡಾಲರ್’ನಲ್ಲಿ. ಅಂಥ ನೋಟೇ ಇಲ್ಲ. ಅಲ್ಲಿನ ಹಣ ಗೂರ್ಡ್; ಐದು ಗೂರ್ಡ್ ಸೇರಿದರೆ ಒಂದು ಹೈಟಿ ಡಾಲರ್ ಅಂತ ಲೆಕ್ಕ, ಅಷ್ಟೇ. ಸಂತೆಯ ಚಿತ್ರಕ್ಕೆ ಕೇಳಿದ ತಕ್ಷಣ ಅರ್ಧಕ್ಕೆ ಇಳಿದ. ಭಾವಚಿತ್ರ ಅವನ ಅಮ್ಮನದು, ಮಾರಾಟಕ್ಕಿಲ್ಲ. ಹಾಗಾದರೆ ಇಲ್ಲಿ ಯಾಕೆ ತಂದೆ ಅಂದರೆ, ‘ನನಗೆ ಇದೂ ಬರುತ್ತೆ ಅಂತ ಜನರಿಗೆ ಗೊತ್ತಾಗಲಿ’ ಅಂದ. ಬೂದು ಚಿತ್ರದ ಬೆಲೆಯಲ್ಲಿ ಮಾತ್ರ ಒಂದು ಗೂರ್ಡೂ ಕಮ್ಮಿ ಮಾಡಲಿಲ್ಲ. ನನಗೆ ಬೇಕಾಗಿದ್ದು ಅದೇ. ಕೇಳಿದಷ್ಟು ಕೊಟ್ಟೆ. ಚೌಕಟ್ಟು ಬಿಚ್ಚಿ, ಕ್ಯಾನ್ವಾಸ್ ಸುರುಳಿ ಸುತ್ತಿ ಕೊಟ್ಟ.

ಗೆಸ್ಟ್ ಹೌಸಿನಲ್ಲಿ ಬಿಡಿಸಿ ತೋರಿಸಿದಾಗ ಜತೆಯ ಎಂಜಿನಿಯರ್, ದೆಹಲಿಯವರು, ತಲೆ ಓರೆ ಮಾಡಿ ನೋಡಿದರು. ‘ಇದು ಹೈಟಿ ಚಿತ್ರದ ಥರ ಇಲ್ವಲ್ಲ? ನನಗೆ ಒಂದು ಸರಿಯಾದ ಸಂತೆ ತಂದುಕೊಡಿ’ ಅಂದರು. ಮುಂದಿನ ವಾರ ಮತ್ತೆ ಅವನ ಹತ್ತಿರವೇ ಹೋದೆ. ಯಾರೋ ಆರ್ಡರ್ ಕೊಟ್ಟಿದ್ದಾರೆ ಅಂತ ಡ್ರೈವರ್ ಬಾಯಿ ಬಿಟ್ಟ. ಈ ಸಲ ಸಂತೆಗೂ ಪೂರ್ತಿ ಬೆಲೆ ತಗೊಂಡ.