ಟ್ರಿನಿಡಾಡ್ ಕಾರ್ನಿವಲ್‌ಗೆ ಹೊರಟವರು ಒಂದು ವಾರ ಮೊದಲೇ ತಲುಪಿ

ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ನ ಕಾರ್ನಿವಲ್ ಎಂಬ ಬೀದಿ ಉತ್ಸವ ನಡೆಯುವುದು ಕ್ರೈಸ್ತರ ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರಕ್ಕೆ ಮುಂಚಿನ ಸೋಮವಾರ ಮತ್ತು ಮಂಗಳವಾರ. ಈಸ್ಟರ್ ಹಬ್ಬದೊಂದಿಗೆ ಈ ದಿನಗಳೂ ಪ್ರತಿ ವರ್ಷ ಬದಲಾಗುತ್ತವೆ. 2027ರಲ್ಲಿ ಅವು ಫೆಬ್ರುವರಿ 8 ಮತ್ತು 9ರಂದು ಬೀಳುತ್ತವೆ. ನಾನೂ ನನ್ನ ಪತ್ನಿಯೂ ಮೊದಲು ಈ ಎರಡು ದಿನಗಳಿಗಷ್ಟೇ ಹೋಗಿಬರಲು ಯೋಚಿಸಿದ್ದೆವು. ಹಿಂದೆ ಹೋಗಿಬಂದಿದ್ದ ಸ್ನೇಹಿತರೊಬ್ಬರ ಒತ್ತಾಯಕ್ಕೆ ಒಂದು ವಾರ ಮುಂಚೆಯೇ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ತಲುಪಿದೆವು. ಇಡೀ ಪ್ರವಾಸದಲ್ಲಿ ಇಂದಿಗೂ ನೆನೆದು ಸಂತೋಷಪಡುವುದು ಆ ವಾರದ ರಾತ್ರಿಗಳನ್ನೇ.

ಎಣ್ಣೆಯ ಪೀಪಾಯಿಯಿಂದ ರೂಪಿಸಿದ ಲೋಹವಾದ್ಯ ಸ್ಟೀಲ್‌ಪ್ಯಾನ್ ನುಡಿಸುವ ವಾದ್ಯವೃಂದಗಳ ಪನೋರಮಾ ಸ್ಪರ್ಧೆಯ ಅಂತಿಮ ಸುತ್ತು ಕಾರ್ನಿವಲ್‌ಗೆ ಮುಂಚಿನ ಶನಿವಾರ ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದಲ್ಲಿ ನಡೆಯುತ್ತದೆ. ಅದಕ್ಕೂ ಹಿಂದಿನ ರಾತ್ರಿಗಳಲ್ಲಿ ಪ್ರತಿಯೊಂದು ವೃಂದವೂ ತನ್ನ ಅಂಗಳದಲ್ಲಿ, ಅಂದರೆ ಅವರ ಮಾತಿನ 'ಪ್ಯಾನ್‌ಯಾರ್ಡ್'ನಲ್ಲಿ, ತಡರಾತ್ರಿಯವರೆಗೆ ಅಭ್ಯಾಸ ಮಾಡುತ್ತದೆ. ಡ್ಯೂಕ್ ಸ್ಟ್ರೀಟ್‌ನ ಆಲ್ ಸ್ಟಾರ್ಸ್ ಮತ್ತು ಷಾರ್ಲೆಟ್ ಸ್ಟ್ರೀಟ್‌ನ ರೆನೆಗೇಡ್ಸ್ ಅಂಗಳಗಳಿಗೆ ನಾವು ಹೋಗಿದ್ದೆವು. ಎರಡು ಕಡೆಯೂ ಯಾರೂ ಹಣ ಕೇಳಲಿಲ್ಲ. ನೂರಕ್ಕೂ ಹೆಚ್ಚು ವಾದಕರು ಒಂದೇ ಸಾಲನ್ನು ಇಪ್ಪತ್ತು ಸಲ ತಿದ್ದಿ ತಿದ್ದಿ ನುಡಿಸುವುದನ್ನು ಹತ್ತಡಿ ದೂರದಲ್ಲಿ ನಿಂತು ಕೇಳಿದಾಗ ನಾದವು ಎದೆಗೂಡಿನೊಳಗೇ ಕಂಪಿಸುತ್ತದೆ. 1881ರಲ್ಲಿ ಕಾರ್ನಿವಲ್‌ನ ಕ್ಯಾನ್‌ಬುಲೇ ಎಂಬ ಪಂಜಿನ ಮೆರವಣಿಗೆಯನ್ನು ತಡೆಯಲು ಬಂದ ಪೊಲೀಸರಿಗೂ ಜನರಿಗೂ ಘರ್ಷಣೆಯಾಗಿ, ಮುಂದೆ ವಸಾಹತು ಸರ್ಕಾರವು ಚರ್ಮವಾದ್ಯಗಳನ್ನು ನಿರ್ಬಂಧಿಸಿದಾಗ, ಆಫ್ರಿಕನ್ ಮೂಲದ ಬಡವರು ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಅಲ್ಲಿಂದ ಬಿಸ್ಕತ್ತಿನ ಡಬ್ಬಗಳಿಗೆ, ಕೊನೆಗೆ 1940ರ ದಶಕದ ಹೊತ್ತಿಗೆ ಎಣ್ಣೆಯ ಪೀಪಾಯಿಗಳಿಗೆ ಬಂದರು. ಈ ಹಿನ್ನೆಲೆ ತಿಳಿದು ಅಂಗಳಕ್ಕೆ ಹೋದರೆ ಕೇಳುವ ಕಿವಿಯೇ ಬೇರೆಯಾಗುತ್ತದೆ. ಆ ಘರ್ಷಣೆಯ ಮರುರೂಪಕವನ್ನು ಕಾರ್ನಿವಲ್‌ಗೆ ಮುಂಚಿನ ಶುಕ್ರವಾರ ನಸುಕಿನಲ್ಲಿ ಬೀದಿಯಲ್ಲೇ ಅಭಿನಯಿಸುತ್ತಾರೆ; ನಿದ್ದೆಗೆಟ್ಟಾದರೂ ನೋಡಬೇಕು.

ಹೊರಡುವ ಮುನ್ನ ಗಮನಿಸಬೇಕಾದ ಮುಖ್ಯ ವಿಷಯವೆಂದರೆ ಹಳದಿ ಜ್ವರದ ಲಸಿಕೆ. ಟ್ರಿನಿಡಾಡ್‌ನಿಂದ ಭಾರತಕ್ಕೆ ಮರಳುವವರ ಬಳಿ ಅದರ ಪ್ರಮಾಣಪತ್ರ ಇರಬೇಕು, ಮತ್ತು ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಬಳಿಕವಷ್ಟೇ ಅದು ಮಾನ್ಯವಾಗುತ್ತದೆ; ಇಲ್ಲದಿದ್ದರೆ ಇಲ್ಲಿ ಇಳಿದೊಡನೆ ಕ್ವಾರಂಟೈನ್‌ಗೆ ಒಳಗಾಗಬೇಕಾದೀತು. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕು. ಸೈನಿಕ ಸಮವಸ್ತ್ರದ ವಿನ್ಯಾಸವಿರುವ ಬಟ್ಟೆಯನ್ನು ಮಕ್ಕಳಿಗೂ ಒಯ್ಯಬೇಡಿ. ಅಲ್ಲಿ ಅದನ್ನು ತೊಡುವುದು ಕಾನೂನುಬಾಹಿರ. ವಸತಿಯನ್ನು ತಿಂಗಳುಗಳ ಮೊದಲೇ ಕಾದಿರಿಸಿ, ದರವನ್ನು ಬರಹದಲ್ಲಿ ಪಡೆದುಕೊಳ್ಳಿ. ನಮ್ಮ ಮೊದಲ ವಸತಿಗೃಹದವರು ಕೊನೆಯ ವಾರದಲ್ಲಿ ಬಾಡಿಗೆ ಏರಿಸಿದ್ದರಿಂದ ನಾವು ಬೇರೆಡೆ ಹುಡುಕಬೇಕಾಯಿತು.

ಸೋಮವಾರ ಬೆಳಕು ಹರಿಯುವ ಮುನ್ನವೇ 'ಜೂವೇ' ಆರಂಭವಾಗುತ್ತದೆ. ಜನರು ಕೆಸರು, ಬಣ್ಣ, ಎಣ್ಣೆ, ಕೋಕೋ ಬಳಿದುಕೊಂಡು ಕುಣಿಯುತ್ತಾರೆ. ಹಳೆಯ ಬಟ್ಟೆ, ಬಿಸಾಡಬಹುದಾದ ಬೂಟು ಧರಿಸಿ, ಫೋನನ್ನು ನೀರು ಹೋಗದ ಚೀಲದಲ್ಲಿಡಿ, ಗುಂಪಿನೊಂದಿಗೇ ಇರಿ. ತಡರಾತ್ರಿ ಒಂಟಿಯಾಗಿ ನಡೆದು ಹೋಗದೆ, ಗೊತ್ತುಮಾಡಿಕೊಂಡ ಟ್ಯಾಕ್ಸಿಯನ್ನೇ ಬಳಸಿ. ಮಂಗಳವಾರ ಗರಿ, ಮಣಿಗಳ ಪೂರ್ಣ ವೇಷಗಳು ಬೀದಿಗಿಳಿಯುತ್ತವೆ. ನೋಡುವುದಷ್ಟೇ ಅಲ್ಲದೆ ವೇಷ ಧರಿಸಿ ತಂಡದೊಡನೆ ಸಾಗಬೇಕೆಂದಿದ್ದರೆ ಹಲವು ತಿಂಗಳ ಮೊದಲೇ ನೋಂದಾಯಿಸಿ ಹಣ ಕಟ್ಟಬೇಕು. ನಾವು ರಸ್ತೆಬದಿಯಲ್ಲಿ ನಿಂತೇ ಕಣ್ತುಂಬಿಕೊಂಡೆವು. ಬಿಸಿಲು ತೀವ್ರವಾಗಿರುವುದರಿಂದ ಟೋಪಿಯೂ ನೀರೂ ಬೇಕೇಬೇಕು.

ಸಸ್ಯಾಹಾರಿಗಳು ಊಟದ ಬಗ್ಗೆ ಚಿಂತಿಸಬೇಕಾಗಿಲ್ಲ. 1845ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಭಾರತದಿಂದ ಹೋದವರ ಅಡುಗೆ ಇಂದು ಇಡೀ ದ್ವೀಪದ ಅಡುಗೆಯಾಗಿದೆ. ಮೆತ್ತಗೆ ಕರಿದ ಎರಡು 'ಬಾರಾ' ರೊಟ್ಟಿಗಳ ನಡುವೆ ಕಡಲೆಯ ಪಲ್ಯ ಇಟ್ಟು ಕೊಡುವ 'ಡಬಲ್ಸ್' ಬೆಳಗಿನಿಂದ ಅಪರಾತ್ರಿಯವರೆಗೆ ಬೀದಿಬದಿಯಲ್ಲೇ ಸಿಗುತ್ತದೆ. ಖಾರದ ಅಭ್ಯಾಸವಿರುವ ನಾವೂ ಮೊದಲ ದಿನ 'ಸ್ಲೈಟ್ ಪೆಪರ್' (ಖಾರ ಸ್ವಲ್ಪವೇ) ಎಂದೇ ಕೇಳಿದ್ದು ಒಳ್ಳೆಯದಾಯಿತು. ಬುಧವಾರ ಊರಿನವರಲ್ಲಿ ಬಹಳ ಮಂದಿ ಸಮುದ್ರಕ್ಕೆ ಹೋಗುತ್ತಾರೆ. ಮರಳುವ ವಿಮಾನವನ್ನು ಗುರುವಾರಕ್ಕೋ ಶುಕ್ರವಾರಕ್ಕೋ ಇಟ್ಟುಕೊಂಡರೆ ನೀವೂ ಅವರೊಂದಿಗೆ ಮರಾಕಸ್ ಕೊಲ್ಲಿಯ ತೀರದಲ್ಲಿ ದಣಿದ ಕಾಲುಗಳನ್ನು ಚಾಚಿ ಕೂರಬಹುದು.