ಬ್ಯಾಗು ಕಾಯುವವರು, ದನ ನೋಡುವವರು

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಬೇಸಿಗೆ ಅಂದರೆ ಜೂನ್, ಜುಲೈ, ಆಗಸ್ಟ್, ಅಷ್ಟೇ. ಮೇ ತಿಂಗಳನ್ನು ನಂಬುವ ಹಾಗಿಲ್ಲ, ಅಕ್ಟೋಬರಿನಲ್ಲೇ ಹಿಮ ಬಿದ್ದದ್ದೂ ಉಂಟು. ಹಾಗಾಗಿ ಇಲ್ಲಿನವರು ಈ ಮೂರು ತಿಂಗಳಲ್ಲಿ ಸುಮ್ಮನೆ ಮನೆಯೊಳಗೆ ಕೂತವರನ್ನು ಕಂಡರೆ ಹುಷಾರಿಲ್ಲವಾ ಅಂತ ಕೇಳುತ್ತಾರೆ. ಊರಿಂದ ನಮ್ಮ ಅಪ್ಪ-ಅಮ್ಮಂದಿರು ಬರುವುದೂ ಇದೇ ಹೊತ್ತಿಗೆ. ಮಕ್ಕಳಿಗೆ ರಜಾ, ನಮಗೆ ವಾರಾಂತ್ಯ ಬಂತೆಂದರೆ ಇವರನ್ನೆಲ್ಲ ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನೋ ಚಿಂತೆ.

ನಮ್ಮ ಕಡೆ ಎರಡು ಉತ್ತರಗಳಿವೆ. ಒಂದು, ಶಾಕೋಪಿ ಊರಿನ ವ್ಯಾಲಿಫೇರ್ ಅನ್ನುವ ಅಮ್ಯೂಸ್‌ಮೆಂಟ್ ಪಾರ್ಕ್. ಇನ್ನೊಂದು, ಸೇಂಟ್ ಪಾಲ್ ಪಕ್ಕದಲ್ಲಿ ನಡೆಯುವ ಮಿನೆಸೋಟ ಸ್ಟೇಟ್ ಫೇರ್. ಮಕ್ಕಳನ್ನು ಕೇಳಿದರೆ ಮೊದಲನೆಯದು. ನನ್ನನ್ನು ಕೇಳಿದರೆ, ಊರಿಂದ ಹಿರಿಯರು ಬಂದಿದ್ದರೆ ಎರಡನೆಯದು.

ವ್ಯಾಲಿಫೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಡದಿಯ ವಂಡರ್‌ಲಾ ನೋಡಿದವರಿಗೆ ಅಂದಾಜು ಸಿಗುತ್ತದೆ. 1976ರಲ್ಲಿ ಶುರುವಾದದ್ದು, ಮಿನೆಸೋಟ ನದಿಯ ಕಣಿವೆಯಲ್ಲಿದೆ, ಹೆಸರು ಬಂದದ್ದೂ ಅದರಿಂದಲೇ. ಅಲ್ಲಿನ ದೊಡ್ಡಣ್ಣ ವೈಲ್ಡ್ ಥಿಂಗ್ ಅನ್ನುವ ರೋಲರ್ ಕೋಸ್ಟರ್: 207 ಅಡಿ ಎತ್ತರ, ಗಂಟೆಗೆ 74 ಮೈಲಿ ವೇಗ, ಅಂದರೆ ನೂರಾ ಹತ್ತೊಂಬತ್ತು ಕಿಲೋಮೀಟರು. ಮೊದಲನೆಯ ಇಳಿತದಲ್ಲಿ ಹೊಟ್ಟೆಯೊಳಗಿನದ್ದೆಲ್ಲ ಗಂಟಲಿಗೆ ಬರುತ್ತದೆ. ನಮ್ಮ ದೊಡ್ಡವಳು ಇಳಿದ ಕೂಡಲೇ ಮತ್ತೆ ಸಾಲಿಗೆ ಓಡುತ್ತಾಳೆ.

ಆದರೆ ಇಂಥ ಪಾರ್ಕು ಯಾವ ದೇಶದ್ದೇ ಆಗಲಿ, ಬಾಗಿಲು ದಾಟಿದ ಐದು ನಿಮಿಷದಲ್ಲಿ ಸಂಸಾರವನ್ನು ಚೂರು ಚೂರು ಮಾಡುತ್ತದೆ. ಪ್ರತಿ ಆಟದ ಮುಂದೆ ಎತ್ತರ ಅಳೆಯುವ ಕೋಲು. 48 ಇಂಚು ಮುಟ್ಟಿದ ಮಗಳು ಒಂದು ಕಡೆ, ಮುಟ್ಟದ ಮಗ ಅಳುತ್ತಾ ಇನ್ನೊಂದು ಕಡೆ, ಅವಳ ಜೊತೆ ಅವಳಪ್ಪ, ಇವನ ಜೊತೆ ನಾನು. ಉಳಿದವರು ತಾತ, ಅಜ್ಜಿ. ಬೆನ್ನುನೋವು, ಬಿಪಿ, ಮಂಡಿ ಅಂತ ಯಾವ ಆಟದ ಫಲಕ ಓದಿದರೂ ಅವರು ಹತ್ತಬಾರದವರ ಪಟ್ಟಿಯಲ್ಲೇ ಇರುತ್ತಾರೆ. ಹಾಗಾಗಿ ಅವರಿಗೆ ಸಿಗುವುದು ಮರದ ನೆರಳಿನ ಬೆಂಚು, ನಮ್ಮೆಲ್ಲರ ಬ್ಯಾಗು, ಕನ್ನಡಕ, ಫೋನು, ಒದ್ದೆ ಟವಲು. ಅಮ್ಮ ಒಂದು ಸಲ ಮರದ ಕುದುರೆ ಹತ್ತಿ ಸುತ್ತು ಹಾಕಿದರು, ಫೋಟೋ ಚೆನ್ನಾಗಿ ಬಂತು. ಅಪ್ಪ ಬೆಂಚಿನಿಂದ ಏಳಲೇ ಇಲ್ಲ. ಮಧ್ಯಾಹ್ನ ಕಾರಿನ ಹತ್ತಿರ ಬಂದು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಮಾತ್ರ ಒಂದು ಪ್ರಶ್ನೆ ಕೇಳಿದರು: “ನಾನು ಕೂರಕ್ಕೂ ಟಿಕೀಟು ತಗಂಡೇನವ್ವ?”

ತಗೊಂಡಿದ್ದೆ. ಸೀಸನ್ ಪಾಸ್ ಅಂತ ಹೇಳಿ ಮಾತು ಮರೆಸಿದೆ.

ಸ್ಟೇಟ್ ಫೇರ್ ಕಥೆ ಬೇರೆ. ಇದು ಹನ್ನೆರಡು ದಿನದ ಜಾತ್ರೆ. ಆಗಸ್ಟ್ ಕೊನೆಯಲ್ಲಿ ಶುರುವಾಗಿ ಸೆಪ್ಟೆಂಬರಿನ ಮೊದಲ ಸೋಮವಾರ, ಅಂದರೆ ಲೇಬರ್ ಡೇ ದಿನ ಮುಗಿಯುತ್ತದೆ. ಲೇಬರ್ ಡೇಗೆ ಮೊದಲು ಶಾಲೆ ಶುರು ಮಾಡಬಾರದು ಅಂತ ಈ ರಾಜ್ಯದಲ್ಲಿ ಕಾನೂನೇ ಇದೆ. ವಿನಾಯಿತಿಗಳು ಉಂಟು, ಆದರೂ ಆ ಕಾನೂನು ಉಳಿದುಕೊಂಡಿರುವುದರಲ್ಲಿ ಈ ಜಾತ್ರೆಯ ಪಾಲೂ ಇದೆ. ಮಿನೆಸೋಟ ರಾಜ್ಯವಾದದ್ದು 1858ರಲ್ಲಿ, ಮರುವರ್ಷವೇ ಮೊದಲ ಸ್ಟೇಟ್ ಫೇರ್. ಈಗಿನ ಜಾಗದಲ್ಲಿ 1885ರಿಂದ ನಡೆಯುತ್ತಿದೆ, 320 ಎಕರೆ. ಸುಮಾರು 57 ಲಕ್ಷ ಜನಸಂಖ್ಯೆಯ ರಾಜ್ಯದಲ್ಲಿ 2019ರ ಜಾತ್ರೆಗೆ 21 ಲಕ್ಷ ಜನ ಬಂದಿದ್ದರು.

ಕಾರು ಒಳಗೆ ಒಯ್ಯುವ ಆಸೆ ಬೇಡ. ಊರಾಚೆಯ ಮೈದಾನಗಳಲ್ಲಿ ನಿಲ್ಲಿಸಿ ಉಚಿತ ಬಸ್ಸು ಹತ್ತಬೇಕು. ಒಳಗೆ ಹೋದ ಮೇಲೆ ಎಣ್ಣೆಯ ವಾಸನೆ, ಜೋಳ ಸುಡುವ ಹೊಗೆ, ಸಗಣಿಯ ವಾಸನೆ ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಅಪ್ಪನ ಮುಖ ಅಲ್ಲೇ ಅರಳಿತು.

ನಮ್ಮದು ದೊಡ್ಡಬಳ್ಳಾಪುರದ ಕಡೆ. ಮನೆಯಲ್ಲಿ ಈಗಲೂ ಹಸು ಇವೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗುತ್ತದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ತಪ್ಪಿಸಿದವರಲ್ಲ ಅಪ್ಪ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯ ಕೃಷಿ ಮೇಳಕ್ಕೂ ಹೋಗಿ ಬಂದು ಚೀಲದ ತುಂಬಾ ಕರಪತ್ರ ತರುತ್ತಾರೆ. ಅಂಥವರನ್ನು ದನದ ಕೊಟ್ಟಿಗೆಗೆ ಬಿಟ್ಟರೆ ಕೇಳಬೇಕೆ. ಫುಟ್‌ಬಾಲ್ ಮೈದಾನದಷ್ಟು ಉದ್ದಕ್ಕೆ ಸಾಲು ಸಾಲು ಹಸು, ಕೆಳಗೆ ದಪ್ಪನೆ ಹುಲ್ಲಿನ ಹಾಸು, ಒಂದೊಂದರ ತಲೆಯ ಮೇಲ್ಗಡೆ ಹೆಸರಿನ ಬೋರ್ಡು. ಎಚ್ಚೆಫ್, ಜರ್ಸಿ ಎಲ್ಲವನ್ನೂ ದೂರದಿಂದಲೇ ಗುರುತು ಹಿಡಿದರು. ನಮ್ಮ ಊರಿನ ಸೀಮೆ ಹಸುಗಳ ಎರಡರಷ್ಟು ದೇಹ. ಹುಡುಗಿಯೊಬ್ಬಳು ಹಸುವಿಗೆ ಸ್ನಾನ ಮಾಡಿಸಿ ಬ್ಲೋವರ್ ಹಿಡಿದು ಮೈ ಒಣಗಿಸುತ್ತಿದ್ದಳು. ಕೂದಲನ್ನು ಮಷೀನಿನಿಂದ ನುಣ್ಣಗೆ ಕತ್ತರಿಸಿದ್ದರು. “ಇಂಗೆ ಕೆರೆದುಬಿಟ್ರೆ ಸುಳಿ ನೋಡೋದೆಂಗೆ?” ಅಂದರು ಅಪ್ಪ. ಹಳ್ಳಿಕಾರ್ ಹೋರಿ ಕೊಳ್ಳುವವರು ಹಲ್ಲಿಗಿಂತ ಮೊದಲು ಮೈಮೇಲಿನ ಕೂದಲ ಸುಳಿ ನೋಡುತ್ತಾರೆ.

“ದಿನಕ್ಕೆ ಎಷ್ಟು ಕರೀತದಂತೆ ಕೇಳು.” ಕೇಳಿದೆ. ಇಲ್ಲಿ ಹಾಲನ್ನು ಪೌಂಡಿನಲ್ಲಿ ಅಳೆಯುತ್ತಾರೆ, ಎಂಬತ್ತು ಪೌಂಡು ಅಂದಳು ಆ ಹುಡುಗಿ. ಮೂವತ್ತೈದು ಲೀಟರು ಅಂತ ನಾನು ಲೆಕ್ಕ ಹಾಕಿ ಹೇಳುವಷ್ಟರಲ್ಲಿ ಅಪ್ಪನ ಮುಂದಿನ ಪ್ರಶ್ನೆ ತಯಾರು: “ಫ್ಯಾಟು?” ಆ ಒಂದು ಪದಕ್ಕೆ ನಾನು ಬೇಕಾಗಲಿಲ್ಲ. ಅವಳು ಬೆರಳು ತೋರಿಸಿದಳು, ಹಾಲಿನ ಕೊಬ್ಬು ನೂರಕ್ಕೆ ನಾಲ್ಕರ ಹತ್ತಿರ. ಅಪ್ಪ ತಲೆಯಾಡಿಸಿದರು. ಆಮೇಲೆ ಮೇವೇನು, ಹಿಂಡಿ ಎಷ್ಟು, ಕೆಚ್ಚಲು ಬಾವು ಬಂದರೆ ಏನು ಮಾಡುತ್ತೀರಿ ಅಂತ ಇಬ್ಬರ ಮಾತು ನನ್ನ ಮೂಲಕ ಅರ್ಧ ಗಂಟೆ ನಡೆಯಿತು. ಕೆಚ್ಚಲು ಬಾವಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಫೋನಿನಲ್ಲಿ ಹುಡುಕಿದೆ. ವ್ಯಾಲಿಫೇರಿನಲ್ಲಿ ಬ್ಯಾಗು ಕಾಯುತ್ತಿದ್ದ ಮನುಷ್ಯ ಇವರೇನಾ ಅನ್ನಿಸುವಂತೆ, ಸುತ್ತ ನಿಂತ ನಾಲ್ಕು ಜನ ಇವರ ಪ್ರಶ್ನೆಗಳನ್ನು ಕೇಳುತ್ತಿದ್ದರು.

ಆ ಹುಡುಗಿ ಫೋರ್-ಎಚ್‌ನವಳು. ಇಲ್ಲಿನ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗ ನಡೆಸುವ ಮಕ್ಕಳ ಸಂಘಟನೆ ಅದು. ಜಿಲ್ಲೆ ಮಟ್ಟದಲ್ಲಿ ಗೆದ್ದ ಮಕ್ಕಳು ತಾವು ಸಾಕಿದ ಹಸು, ಹಂದಿ, ಕುರಿ, ಹೋರಿಗಳನ್ನು ಇಲ್ಲಿಗೆ ತರುತ್ತಾರೆ, ಕೊಟ್ಟಿಗೆಯ ಆಸುಪಾಸಿನಲ್ಲೇ ಹಗಲೆಲ್ಲ ಕಳೆಯುತ್ತಾರೆ. ಬಿಳಿ ಬಟ್ಟೆ ತೊಟ್ಟು ಹಾಲಿನ ಹಸುವನ್ನು ಅಖಾಡದಲ್ಲಿ ನಿಧಾನಕ್ಕೆ ನಡೆಸುತ್ತಾರೆ. ನೀಲಿ ರಿಬ್ಬನ್ ಗೆದ್ದವರದ್ದು, ನೇರಳೆ ಚಾಂಪಿಯನ್ನರದ್ದು.

ಮಾಂಸದ ತಳಿಯ ಚಾಂಪಿಯನ್ನರಿಗೆ ಕೊನೆಗೆ ಹರಾಜು ಇರುತ್ತದೆ. ಕೊಳ್ಳುವವರು ಮಾರುಕಟ್ಟೆಗಿಂತ ಹೆಚ್ಚಿಗೆ ಕೂಗುತ್ತಾರೆ, ಒಂದು ಪಾಲು ವಿದ್ಯಾರ್ಥಿವೇತನಕ್ಕೆ ಹೋಗುತ್ತದೆ. ಹೋರಿಯ ಕತ್ತು ತಬ್ಬಿ ನಿಂತಿದ್ದ ಹುಡುಗನನ್ನು ನೋಡಿ ಅಮ್ಮ ಕೇಳಿದರು, “ಹರಾಜಾದ ಮೇಲೆ?” ನಾನು ಹೇಳಿದೆ. ಅಮ್ಮನಿಗೆ ಸಂಕಟವಾಯಿತು. ಸಾಕಿದ ಕೈಯಲ್ಲೇ ಹಿಡಿದು ಕೊಡುತ್ತಾವಲ್ಲ ಈ ಮಕ್ಕಳು ಅಂತ. ಅಪ್ಪ ಮಾತ್ರ ಸುಮ್ಮನಿರಲಿಲ್ಲ: “ನಮ್ಮನೇಲಿ ಹುಟ್ಟಿದ ಎಚ್ಚೆಫ್ ಗಂಡು ಕರುಗಳು ಎಲ್ಲೋದ್ವು ಅಂತ ನೀನು ಕೇಳಿದ್ದಾ? ಇವರು ಎದುರಿಗೆ ನಿಂತು ಮಾಡ್ತಾರೆ, ನಾವು ಆ ಕಡೆ ಮುಖ ತಿರುಗಿಸ್ಕಂತೀವಿ.” ಅಮ್ಮ ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ. ನನಗೂ ಯಾರ ಪರ ನಿಲ್ಲಬೇಕೋ ತಿಳಿಯಲಿಲ್ಲ.

ಅಲ್ಲಿಂದ ಹೆರಿಗೆ ಕೊಟ್ಟಿಗೆಗೆ ಹೋದೆವು. ಜಾತ್ರೆಯ ದಿನಗಳಲ್ಲೇ ದಿನ ತುಂಬುವ ಹಸು, ಕುರಿ, ಹಂದಿಗಳನ್ನು ತಂದು ಇಟ್ಟಿರುತ್ತಾರೆ. ಪಟ್ಟಣದ ಮಕ್ಕಳು ಕರು ಹುಟ್ಟುವುದನ್ನು ಬಾಯಿಬಿಟ್ಟು ನೋಡುತ್ತಾರೆ, ನಮ್ಮವೂ ಹಾಗೇ. ಮಗ ತಾತನ ಹೆಗಲೇರಿ ಕೂತಿದ್ದ, ಈ ಕೊಟ್ಟಿಗೆಯ ಬಾಗಿಲಲ್ಲಿ ಎತ್ತರ ಅಳೆಯುವವರಿಲ್ಲ.

ಅಮ್ಮನ ಮನಸ್ಸು ಸರಿಹೋದದ್ದು ಡೇರಿ ಕಟ್ಟಡದಲ್ಲಿ. ಹೈನುಗಾರಿಕೆ ಮನೆತನಗಳ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಪ್ರತಿವರ್ಷ ‘ಪ್ರಿನ್ಸೆಸ್ ಕೇ ಆಫ್ ದ ಮಿಲ್ಕಿ ವೇ’ ಅಂತ ಆರಿಸುತ್ತಾರೆ. ಕೊನೆಯ ಸುತ್ತಿಗೆ ಬಂದವರ ಮುಖವನ್ನು 90 ಪೌಂಡಿನ, ಅಂದರೆ ನಲವತ್ತು ಕೆಜಿಯ ಬೆಣ್ಣೆಯ ಗಡ್ಡೆಯಲ್ಲಿ ಕೆತ್ತುತ್ತಾರೆ. 1965ರಿಂದ ನಡೆದುಬಂದ ಪದ್ಧತಿ. ಲಿಂಡಾ ಕ್ರಿಸ್ಟೆನ್ಸನ್ ಅನ್ನುವ ಶಿಲ್ಪಿ ಸುಮಾರು ಐವತ್ತು ವರ್ಷ ಈ ಕೆಲಸ ಮಾಡಿ 2021ರಲ್ಲಿ ನಿವೃತ್ತರಾದರು. ಗಾಜಿನ ತಣ್ಣನೆಯ ಕೋಣೆ ನಿಧಾನಕ್ಕೆ ಸುತ್ತುತ್ತಿರುತ್ತದೆ, ಒಳಗೆ ಹುಡುಗಿ ಚಳಿಗಾಲದ ಕೋಟು ತೊಟ್ಟು ಗಂಟೆಗಟ್ಟಲೆ ಕೂತಿರುತ್ತಾಳೆ, ಹೊರಗೆ ನಾವು ಬೆವರುತ್ತಾ ನೋಡುತ್ತೇವೆ. “ನಮ್ಮ ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡ್ತಾರಲ್ಲ, ಅದನ್ನೇ ಇವರು ಮನುಷ್ಯರಿಗೆ ಮಾಡವ್ರೆ” ಅಂದರು ಅಮ್ಮ. ಬೆಣ್ಣೆ ಆಮೇಲೆ ಆ ಹುಡುಗಿಯದ್ದೇ. ಮನೆಗೆ ಒಯ್ದು ಊರವರನ್ನೆಲ್ಲ ಕರೆದು ಬೇಯಿಸಿದ ಜೋಳಕ್ಕೆ ಹಚ್ಚಿ ಹಂಚುವವರಿದ್ದಾರಂತೆ. ಪ್ರಸಾದ, ಇನ್ನೇನು.

ಬೀಜದ ಚಿತ್ರಗಳ ಕೋಣೆಯಲ್ಲಿ ಅಮ್ಮ ನಮ್ಮನ್ನೆಲ್ಲ ಕಾಯಿಸಿದರು. ಕೃಷಿ ಕಟ್ಟಡದಲ್ಲಿ ಒಂದು ವಿಭಾಗ ಪೂರ್ತಿ ಕಾಳು, ಬೀಜಗಳನ್ನು ಅಂಟಿಸಿ ಮಾಡಿದ ಚಿತ್ರಗಳು. ಈ ರಾಜ್ಯದಲ್ಲಿ ಬೆಳೆಯುವ ಬೆಳೆಗಳ ಬೀಜ ಮಾತ್ರ ಬಳಸಬೇಕು. ರಾಜಕಾರಣಿಗಳ ಗೇಲಿ, ನಟರ ಮುಖ, ನಾಯಿ, ಬೆಕ್ಕು, ಏನುಂಟು ಏನಿಲ್ಲ. ಮೊರ ಹಿಡಿದು ಕಾಳು ಕೇರಿದ ಕೈ, ಸಾಸಿವೆ ಯಾವುದು, ನವಣೆ ಜಾತಿಯದು ಯಾವುದು ಅಂತ ಗಾಜಿನ ಮೇಲೆ ಬೆರಳಿಟ್ಟು ಮೊಮ್ಮಗಳಿಗೆ ಹೇಳಿಕೊಟ್ಟರು. ಮಗಳು ಮೊದಲ ಬಾರಿಗೆ ಫೋನು ಕೆಳಗಿಟ್ಟು ಕೇಳಿದಳು.

ಊಟದ ವಿಚಾರಕ್ಕೆ ಬರೋಣ. ಶ್ರಾವಣ ಮುಗಿಯುವ, ಗೌರಿ-ಗಣೇಶ ಬರುವ ಹೊತ್ತು ಅದು, ಅಮ್ಮ ಮಾಂಸ ಮುಟ್ಟುವುದಿಲ್ಲ. ಇಲ್ಲಿ ನೋಡಿದರೆ ಕಡ್ಡಿಗೆ ಚುಚ್ಚಿ ಕರಿಯದ ಪ್ರಾಣಿಯೇ ಇಲ್ಲ. ಆದರೆ ಸುಟ್ಟ ಜೋಳ ಇದೆ, ಸಿಪ್ಪೆ ಹಿಂದಕ್ಕೆ ಮಡಚಿ ಬೆಣ್ಣೆಯಲ್ಲಿ ಅದ್ದಿ ಕೊಡುತ್ತಾರೆ, ನಿಂಬೆಹಣ್ಣು-ಖಾರದಪುಡಿ ನಾವೇ ಒಯ್ಯಬೇಕು. ಚೀಸ್ ಕರ್ಡ್ಸ್ ಅಂದರೆ ಚೀಸಿನ ತುಂಡುಗಳ ಬಜ್ಜಿ. ಇಲ್ಲಿನ ಸೌತೆಕಾಯಿ ಉಪ್ಪಿನಕಾಯಿಯನ್ನೂ ಬಜ್ಜಿ ಮಾಡುತ್ತಾರೆ, ನನಗೆ ಹಿಡಿಸಲಿಲ್ಲ, ಅಪ್ಪ ಎರಡನೇ ಸಲ ಕೊಡಿಸು ಅಂದರು. ಹಾಲಿನ ಅಂಗಡಿಯಲ್ಲಿ ಒಂದು ಸಲ ದುಡ್ಡು ಕೊಟ್ಟರೆ ಬೇಕಾದಷ್ಟು ಕುಡಿಯಬಹುದು. ಮಂಜಿನಷ್ಟು ತಣ್ಣಗಿನ ಹಾಲು ಹಿಡಿದು ಅಮ್ಮ, ಕಾಯಿಸಿ ಕೊಡಕ್ಕೆ ಹೇಳು ಅಂದಾಗ ಮಾತ್ರ ನಾನು ಕೇಳಿಸದವಳ ಹಾಗೆ ನಿಂತೆ. ಮನೆಯಿಂದ ತಿಂಡಿ ಒಯ್ಯಲು ಇಲ್ಲಿ ಅಡ್ಡಿಯಿಲ್ಲ, ಚಪಾತಿ ಸುರುಳಿ ಸುತ್ತಿಕೊಂಡು ಧಾರಾಳವಾಗಿ ಹೋಗಿ.

ಆಟಗಳೂ ಇವೆ. ತಾತ-ಅಜ್ಜಿ ಹತ್ತಿದ್ದು ಒಂದೇ, 1915ರ ‘ಯೆ ಓಲ್ಡ್ ಮಿಲ್’. ಮರದ ದೋಣಿ ಕತ್ತಲೆಯ ಕಾಲುವೆಯಲ್ಲಿ ತೇಲಿಕೊಂಡು ಹೋಗುತ್ತದೆ. ಪ್ರೇಮಿಗಳ ದೋಣಿ ಅಂತಲೇ ಹೆಸರುವಾಸಿ ಅನ್ನುವುದನ್ನು ಮಗಳು ಅವರು ಇಳಿದ ಮೇಲೆ ಹೇಳಿದಳು. ಅಮ್ಮ ಸೆರಗು ಸರಿಮಾಡಿಕೊಂಡು ಮುಂದೆ ನಡೆದರು.

ಇತಿಹಾಸದ ಒಂದು ಮಾತು. 1901ರ ಸೆಪ್ಟೆಂಬರ್ 2ರಂದು ಆಗಿನ ಉಪಾಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್, ಮೆತ್ತಗೆ ಮಾತಾಡು, ಕೈಯಲ್ಲಿ ದೊಡ್ಡ ದೊಣ್ಣೆ ಇರಲಿ ಅಂತ ಭಾಷಣ ಮಾಡಿದ್ದು ಇದೇ ಜಾತ್ರೆಯಲ್ಲಿ. ಹನ್ನೆರಡು ದಿನಕ್ಕೆ ಅಧ್ಯಕ್ಷ ಮೆಕಿನ್ಲಿ ಗುಂಡೇಟಿನಿಂದ ತೀರಿಕೊಂಡರು, ರೂಸ್‌ವೆಲ್ಟ್ ಅಧ್ಯಕ್ಷರಾದರು. ಜಾತ್ರೆ ನಿಂತ ವರ್ಷಗಳು ಕಡಿಮೆ. 1946ರಲ್ಲಿ ಪೋಲಿಯೊ, 2020ರಲ್ಲಿ ಕೋವಿಡ್. ಚರ್ಮಗಂಟು ರೋಗ ಬಂದ ವರ್ಷ ನಮ್ಮಲ್ಲೂ ದನದ ಜಾತ್ರೆ ಕಟ್ಟಲು ಬಿಡಲಿಲ್ಲ ಅಂತ ಅಪ್ಪ ನೆನೆಸಿಕೊಂಡರು.

ಅಪ್ಪ-ಅಮ್ಮನಿಗೆ ಟಿಕೆಟ್ ಮಾಡಿಸುವವರಿಗೆ ಒಂದು ಮಾತು ಹೇಳುತ್ತೇನೆ. ಅಗ್ಗಕ್ಕೆ ಸಿಗುತ್ತೆ ಅಂತ ಆಗಸ್ಟ್ ಮಧ್ಯಕ್ಕೆ ವಾಪಸ್ ವಿಮಾನ ಹಾಕಬೇಡಿ, ಲೇಬರ್ ಡೇ ದಾಟಲಿ. ಅಷ್ಟು ದಿನ ಇರಲು ಆಗದವರಿಗೆ ಜುಲೈ, ಆಗಸ್ಟಿನಲ್ಲಿ ಹೆಚ್ಚುಕಡಿಮೆ ಪ್ರತಿ ಕೌಂಟಿಯದ್ದೂ, ಅಂದರೆ ಇಲ್ಲಿನ ಜಿಲ್ಲೆಯದ್ದೂ, ಒಂದು ಸಣ್ಣ ಫೇರ್ ನಡೆಯುತ್ತದೆ. ಅಲ್ಲಿ ಗುಂಪು ಕಡಿಮೆ, ಹಸುವಿನ ಯಜಮಾನರಿಗೆ ಬಿಡುವು ಜಾಸ್ತಿ. ಫ್ಯಾಟು ಎಷ್ಟು ಅಂತ ಕೇಳಿದರೆ ಕೂರಿಸಿಕೊಂಡು ಮಾತಾಡುತ್ತಾರೆ.